ಅಟ್ಟದ ಮೇಲಿನ ಕ್ಯಾಸೆಟ್ಟಿನಲ್ಲಿ ಅಜ್ಜಿಯ ದನಿ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ನಮ್ಮ ಸೀಮೆಯಲ್ಲಿ ವಿಡಿಯೊ ಹೇಗೆ ಬದಲಾಯಿತು ಎಂದು ನೋಡಲು ಅದೇ ಒಳ್ಳೆಯ ಲೆಕ್ಕ: 1993, 2006, 2018.

1993ರಲ್ಲಿ ವಿಡಿಯೊ ಎಂದರೆ ವಿಎಚ್‌ಎಸ್ ಕ್ಯಾಸೆಟ್. 1976ರಲ್ಲಿ ಜಪಾನಿನಲ್ಲಿ ಬಂದದ್ದು. ಕಂಪ್ಯೂಟರ್ ಬೇಕಿರಲಿಲ್ಲ, ವಿಸಿಆರ್‌ಗೆ ಹಾಕಿ ಟಿವಿಯಲ್ಲಿ ನೋಡಿದರಾಯಿತು. ಆದರೆ ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಿದಷ್ಟೂ ಚಿತ್ರ ಮಸುಕಾಗುತ್ತಿತ್ತು.

1995ರಲ್ಲಿ ಮಿನಿ ಡಿವಿ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕ್ಯಾಸೆಟ್, ಅದರಲ್ಲಿ ಒಂದು ಗಂಟೆಯ ಚಿತ್ರ. ಇದು ಡಿಜಿಟಲ್ ಆದ್ದರಿಂದ ಕಂಪ್ಯೂಟರ್‌ಗೆ ಇಳಿಸಿದರೂ ಚಿತ್ರ ಕೆಡುತ್ತಿರಲಿಲ್ಲ. 2006ರ ಹೊತ್ತಿಗೆ ಮದುವೆ ವಿಡಿಯೊ ತೆಗೆಯುವವರ ಕೈಯಲ್ಲಿ ಇದೇ ಇತ್ತು.

ಇಳಿಸುವುದು ಮಾತ್ರ ತಾಳ್ಮೆಯ ಕೆಲಸ. ಟೇಪು ಓಡುತ್ತಲೇ ಇರಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತಿತ್ತು. ಸೆಕೆಂಡಿಗೆ 25 ಮೆಗಾಬಿಟ್ ಮಾಹಿತಿ ಹರಿಯಬೇಕು, ಹಳೆಯ ಯುಎಸ್‌ಬಿಯ ಗರಿಷ್ಠ ವೇಗ 12. ಅದಕ್ಕೇ ಫೈರ್‌ವೈರ್ ಎಂಬ ಬೇರೆ ಕೇಬಲ್ ಬೇಕಾಯಿತು. ಒಂದು ಟೇಪಿಗೆ ಸುಮಾರು 13 ಜಿಬಿ ಜಾಗ. 40 ಜಿಬಿ ಹಾರ್ಡ್‌ಡಿಸ್ಕ್ ಮೂರು ಟೇಪಿಗೇ ತುಂಬುತ್ತಿತ್ತು.

2018ರ ಹೊತ್ತಿಗೆ ಮೆಮೊರಿ ಕಾರ್ಡ್, ಮೊಬೈಲ್. ಗಂಟೆಯ ಕೆಲಸ ನಿಮಿಷಕ್ಕೆ ಇಳಿಯಿತು. ಟೇಪುಗಳು ಅಟ್ಟ ಸೇರಿದವು.

ಚಿಂತೆ ಇರುವುದು ಇಲ್ಲೇ. ಮದುವೆಯಲ್ಲಿ ಸೋಬಾನೆ ಹಾಡಿದ ಅಜ್ಜಿಯ ದನಿ ಆ ಟೇಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದಿರಬಹುದು. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಓಡಿಸುವ ಯಂತ್ರಗಳೂ ಮುಗಿಯುತ್ತಿವೆ: ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆಯನ್ನೇ ನಿಲ್ಲಿಸಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿಯೂ ಇಲ್ಲ.

‘ಆಗಲೇ ಡಿವಿಡಿ ಮಾಡಿಸಿದ್ದೇವೆ’ ಎಂದು ಟೇಪು ಎಸೆಯಬೇಡಿ. ಸಾಮಾನ್ಯ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ, 13 ಜಿಬಿಯ ಟೇಪನ್ನು ಹಿಂಡಿಯೇ ಅದಕ್ಕೆ ತುಂಬಿರುತ್ತಾರೆ. ಅಸಲು ಟೇಪಿನಲ್ಲೇ ಇದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆ ಹೋದಾಗ ಹಳೆಯ ಸ್ಟುಡಿಯೋದವರನ್ನು ಒಮ್ಮೆ ವಿಚಾರಿಸಿ, ಓಡುವ ಕ್ಯಾಮೆರಾ ಉಳಿದಿದೆಯೇ ಎಂದು. ಬೂಷ್ಟು ಕಂಡ ಟೇಪನ್ನು ಮಾತ್ರ ಹಾಗೇ ಹಾಕಬೇಡಿ, ಯಂತ್ರದ ಹೆಡ್ಡೂ ಕೆಡುತ್ತದೆ. ಇಳಿಸಿದ ಮೇಲೆ ಎರಡು ಕಡೆ ಕಾಪಿ ಇಡಿ, ಒಂದು ನಿಮ್ಮಲ್ಲಿ, ಇನ್ನೊಂದು ಅಣ್ಣತಮ್ಮಂದಿರ ಮನೆಯಲ್ಲಿ.