ಹಿರಿಯಸ್ನೇಹಿ ಬಡಾವಣೆ
ವಯಸ್ಸಾದವರು ತಮ್ಮ ಮನೆಯಲ್ಲೇ ಇದ್ದು, ಯಾರ ಹಂಗಿಲ್ಲದೆ ಓಡಾಡಿಕೊಂಡಿರಲು ಅನುಕೂಲವಿರುವ ವಸತಿ ಪ್ರದೇಶ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಈ ಪರಿಕಲ್ಪನೆಗೆ ಆಧಾರ. 33 ನಗರಗಳ ಹಿರಿಯರನ್ನೇ ಕೇಳಿ ಸಿದ್ಧಪಡಿಸಿದ ಅದರಲ್ಲಿ ಸಾರಿಗೆ, ವಸತಿ, ಗೌರವ, ಆರೋಗ್ಯಸೇವೆ ಮೊದಲಾದ 8 ವಿಷಯಗಳಿವೆ. ಆ ನಗರಗಳಲ್ಲಿ ಭಾರತದ ದೆಹಲಿ, ಉದಯಪುರ ಸೇರಿದ್ದವು.

ಎಲ್ಲಕ್ಕಿಂತ ಮುಖ್ಯವಾದುದು ಫುಟ್‌ಪಾತ್. ಬೆಂಗಳೂರಿನ ಜಯನಗರದಲ್ಲಿ ಉದ್ಯಾನ, ಮಾರುಕಟ್ಟೆ, ಔಷಧಿ ಅಂಗಡಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ನೆರಳಿಗೆ ಮರಗಳೂ ಉಂಟು. ಇಂಥ ಕಡೆಯೂ ಕಿತ್ತುಹೋದ ಒಂದು ಚಪ್ಪಡಿ, ಅಡ್ಡ ನಿಲ್ಲಿಸಿದ ಒಂದು ಸ್ಕೂಟರ್ ಸಾಕು, ಮಂಡಿನೋವಿನ ಅಜ್ಜಿ ಮನೆಯಲ್ಲೇ ಉಳಿದುಬಿಡುತ್ತಾರೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಕೂರಲು ಬೆಂಚು, ಶುಚಿಯಾದ ಶೌಚಾಲಯ, ಕುಶಲ ವಿಚಾರಿಸುವ ನೆರೆಹೊರೆಯೂ ಬೇಕು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಫುಟ್‌ಪಾತ್, ಬೆಂಚು, ಶೌಚಾಲಯಗಳನ್ನು ಕಡ್ಡಾಯ ಮಾಡಬೇಕು.