ಒಮ್ಮೆ ಮಾತ್ರ ತಿದ್ದಬೇಕಾದ ದಿನಾಂಕ

ಹಾಸನದಿಂದ ಬೇಲೂರಿನ ಕಡೆ ಹೋಗುವ ದಾರಿಯಲ್ಲಿರುವ ದೊಡ್ಡಗದ್ದವಳ್ಳಿಯಂಥ ಊರಿನ ಬಸುರಿಯ ಕೈಯಲ್ಲಿ ಇವತ್ತು ಹೆರಿಗೆಯ ದಿನ ಒಂದೇ ಇರುವುದು ಅಪರೂಪ. ತಾಯಿ ಕಾರ್ಡಿನಲ್ಲಿ ಸಿಸ್ಟರ್ ಬರೆದುಕೊಟ್ಟದ್ದು ಒಂದು, ಮೊದಲ ಸ್ಕ್ಯಾನಿಂಗ್ ವರದಿಯಲ್ಲಿ ಅಚ್ಚಾದದ್ದು ಇನ್ನೊಂದು, ಐದನೇ ತಿಂಗಳಿನದು ಮತ್ತು ಎಂಟನೇ ತಿಂಗಳಿನದು ಬೇರೆಬೇರೆ. ಮನೆಯವರು ಇದನ್ನು ‘ಡೇಟ್ ಮುಂದಕ್ಕೆ ಹೋಯ್ತು’, ‘ಡೇಟ್ ಹಿಂದಕ್ಕೆ ಬಂತು’ ಎಂದು ಓದಿಕೊಳ್ಳುತ್ತಾರೆ. ಕಡೆಗೆ ಬಂದ ವರದಿಯೇ ಹೆಚ್ಚು ಸರಿ ಎಂದು ನಂಬುತ್ತಾರೆ. ಈ ನಂಬಿಕೆ ತಲೆಕೆಳಗಾದದ್ದು. ಹೆರಿಗೆ ದಿನದ ಲೆಕ್ಕ ಕಳೆದ ಇನ್ನೂರು ವರ್ಷಗಳಲ್ಲಿ ಬೆಳೆದುಬಂದ ಬಗೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ದಿನಾಂಕವನ್ನು ತಿದ್ದುವುದಾದರೆ ಆದಷ್ಟು ಬೇಗ, ಮೊದಲ ಮೂರು ತಿಂಗಳೊಳಗೆ, ಅದೂ ಒಂದೇ ಬಾರಿ ತಿದ್ದಬೇಕು. ಆಮೇಲೆ ಕಾಣುವ ವ್ಯತ್ಯಾಸ ಮಗುವಿನ ಬೆಳವಣಿಗೆಯ ಸುದ್ದಿಯೇ ಹೊರತು ಅದರ ವಯಸ್ಸಿನ ಸುದ್ದಿಯಲ್ಲ.

ಮೊದಲಿಗೆ ಇದ್ದದ್ದು ತಿಂಗಳ ಎಣಿಕೆ. ನವಮಾಸವನ್ನು ಚಾಂದ್ರಮಾನದ ತಿಂಗಳಲ್ಲಿ ಎಣಿಸಿದರೆ, ಮಾಸಕ್ಕೆ ಸುಮಾರು 29.5 ದಿನದಂತೆ, 266 ದಿನದ ಹತ್ತಿರ ಬರುತ್ತದೆ. ಯುರೋಪಿನಲ್ಲಿ ಹದಿನೆಂಟನೇ ಶತಮಾನದ ಡಚ್ ವೈದ್ಯ ಬೋರ್‌ಹಾವ ಮಂಡಿಸಿದ್ದ ಲೆಕ್ಕವನ್ನು ಹೈಡೆಲ್‌ಬರ್ಗಿನ ಪ್ರಾಧ್ಯಾಪಕ ಫ್ರಾಂಟ್ಸ್ ನೇಗೆಲೆ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸೂತ್ರವಾಗಿ ಪ್ರಚಾರಕ್ಕೆ ತಂದ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ ಮೂರು ತಿಂಗಳು ಹಿಂದಕ್ಕೆ ಹೋಗುವುದು ಇವತ್ತು ರೂಢಿಯಲ್ಲಿರುವ ಕ್ರಮ. ಜೂನ್ 10ಕ್ಕೆ ಮುಟ್ಟಾಗಿದ್ದರೆ ಮುಂದಿನ ಮಾರ್ಚ್ 17. ಅಲ್ಲಿಗೆ 280 ದಿನ. ಮೇಲ್ನೋಟಕ್ಕೆ ಎರಡು ಲೆಕ್ಕಗಳಿಗೂ ಹದಿನಾಲ್ಕು ದಿನದ ಅಂತರ ಕಾಣುತ್ತದೆ. ಆದರೆ ಮುಟ್ಟಾದ ಸುಮಾರು ಹದಿನಾಲ್ಕು ದಿನಕ್ಕೆ ಅಂಡ ಬಿಡುಗಡೆಯಾಗುತ್ತದೆ ಎಂದುಕೊಂಡರೆ, ಬಸುರು ಕಟ್ಟಿದ ದಿನದಿಂದ ಎಣಿಸಿದಾಗ ಉಳಿಯುವುದು ಅದೇ 266. ತಕರಾರು ಇರುವುದು ಅವಧಿಯ ಬಗ್ಗೆ ಅಲ್ಲ, ಎಣಿಕೆ ಎಲ್ಲಿಂದ ಶುರುವಾಗಬೇಕು ಎಂಬುದರ ಬಗ್ಗೆ. ಸೂತ್ರ ಎಡವುವುದೂ ಅಲ್ಲೇ. 28 ದಿನಕ್ಕೊಮ್ಮೆ ಮುಟ್ಟಾಗುವವಳನ್ನು ಅದು ಮಾದರಿಯಾಗಿ ಇಟ್ಟುಕೊಂಡಿದೆ. 35 ದಿನಕ್ಕೊಮ್ಮೆ ಆಗುವವಳಿಗೆ ಅಂಡ ಬಿಡುಗಡೆಯೇ ಒಂದು ವಾರ ತಡ. ಎದೆಹಾಲು ಕುಡಿಸುತ್ತಿರುವಾಗ, ಮುಟ್ಟು ಮರಳುವ ಮೊದಲೇ ಮತ್ತೆ ಬಸುರಾದವಳಿಗೆ ಎಣಿಸಲು ದಿನವೇ ಇಲ್ಲ. ಬಸುರಿನ ಮೊದಲ ವಾರಗಳ ಅಲ್ಪ ರಕ್ತಸ್ರಾವವನ್ನೇ ಮುಟ್ಟೆಂದು ಲೆಕ್ಕ ಹಿಡಿದವರಿಗೆ ಒಂದು ತಿಂಗಳೇ ತಪ್ಪಿಹೋಗುತ್ತದೆ.

ಶುರುವಿನ ದಿನ ಖಚಿತವಾಗಿ ಗೊತ್ತಿದ್ದರೂ ಹೆರಿಗೆಯ ದಿನ ಖಚಿತವಾಗುವುದಿಲ್ಲ. 1990ರಲ್ಲಿ ಪ್ರಕಟವಾದ, ಸ್ವೀಡನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನದಲ್ಲಿ ಸರಾಸರಿ ಅವಧಿ 281 ದಿನ ಬಂತು. ನೇಗೆಲೆಯ ಸೂತ್ರಕ್ಕೂ ಅದಕ್ಕೂ ಒಂದೇ ದಿನದ ವ್ಯತ್ಯಾಸ. ಆದರೆ ಸರಾಸರಿಯ ಹಿಂದೆ ದೊಡ್ಡ ಹರವು ಅಡಗಿರುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು, ಅಂಡ ಬಿಡುಗಡೆಯಾದ ದಿನವನ್ನು ಹಾರ್ಮೋನು ಪರೀಕ್ಷೆಯಿಂದ ಗುರುತಿಸಿದ್ದ 125 ಬಸುರುಗಳನ್ನು ವಿಶ್ಲೇಷಿಸಿದರು. ದಿನ ತುಂಬುವ ಮುನ್ನ ಆದ ಹೆರಿಗೆಗಳನ್ನು ಬಿಟ್ಟ ಮೇಲೂ ಅವಧಿಯಲ್ಲಿ ಐದು ವಾರಕ್ಕೂ ಮೀರಿದ ವ್ಯತ್ಯಾಸ ಉಳಿಯಿತು. ಕೊಟ್ಟ ದಿನಕ್ಕೇ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ ಎನ್ನುವುದು ಆಶ್ಚರ್ಯವಲ್ಲ. ಇದನ್ನು ಲೆಕ್ಕದ ಸೋಲು ಎನ್ನಲಾಗದು. ಪ್ರಕೃತಿಯೇ ಇಟ್ಟುಕೊಂಡಿರುವ ಅವಕಾಶ ಅದು.

ಶುರುವಿನ ದಿನವನ್ನು ಕಂಡುಹಿಡಿಯುವ ಕೆಲಸಕ್ಕೆ ಹೊಸ ಸಾಧನ ಬಂದದ್ದು ಸ್ಕಾಟ್ಲೆಂಡಿನಿಂದ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯೊಳಗನ್ನು ಶ್ರವಣಾತೀತ ಧ್ವನಿಯಿಂದ ನೋಡುವ ವಿಧಾನವನ್ನು ಪ್ರಕಟಿಸಿದರು. ಅದೇ ಊರಿನ ಹ್ಯೂ ರಾಬಿನ್ಸನ್ 1973ರಲ್ಲಿ ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆದು, ಮೊದಲ ಮೂರು ತಿಂಗಳಲ್ಲಿ ವಯಸ್ಸನ್ನು ಐದು ದಿನದ ಆಚೀಚೆಯೊಳಗೆ ಹೇಳಬಹುದು ಎಂದು ತೋರಿಸಿದ. ಇದು ಸಾಧ್ಯವಾದದ್ದು ಆ ಹಂತದಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ. ನಾಟಿಯಾದ ಹೊಸದರಲ್ಲಿ ಎಲ್ಲ ಗದ್ದೆಯ ಪೈರೂ ಒಂದೇ ಎತ್ತರ ಕಾಣುತ್ತದೆ. ತೆನೆ ಹೊತ್ತಿಗೆ ಮಣ್ಣು, ನೀರು, ಗೊಬ್ಬರದ ವ್ಯತ್ಯಾಸವೆಲ್ಲ ಎದ್ದು ತೋರುತ್ತದೆ. ಎಂಟನೇ ತಿಂಗಳಲ್ಲಿ ಯಂತ್ರ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಗಳನ್ನು ಅಳೆದು, ‘ಈ ಗಾತ್ರದ ಸರಾಸರಿ ಮಗುವಿಗೆ ಇಷ್ಟು ವಾರ’ ಎಂದು ಕೋಷ್ಟಕ ನೋಡಿ ದಿನಾಂಕ ಅಚ್ಚುಹಾಕುತ್ತದೆ. ಆಗ ಮೂರು ವಾರದ ಆಚೀಚೆ ಸಹಜ. ಮಗು ಸಣ್ಣದಾಗಿದ್ದರೆ ‘ಡೇಟ್ ಮುಂದಕ್ಕೆ ಹೋಯ್ತು’ ಎಂದು ಸಮಾಧಾನ ಮಾಡಿಕೊಂಡಾಗ, ಬೆಳವಣಿಗೆ ಕುಂಠಿತವಾದ ಮಗು ವಯಸ್ಸು ಕಡಿಮೆಯ ಮಗುವಿನ ವೇಷದಲ್ಲಿ ತಪ್ಪಿಸಿಕೊಂಡುಬಿಡುತ್ತದೆ. ಅಪಾಯ ಇರುವುದು ಇಲ್ಲಿ.

ನೂರಕ್ಕೆ ನಾಲ್ಕೈದು ಮಂದಿಗೆ ಮಾತ್ರ ಸರಿಹೋಗುವ ದಿನಾಂಕಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಿಲ್ಲ, ಬೆಳಗಾವಿ ಸಾಕು. ಬೆಳಗಾವಿ, ನಾಗಪುರಗಳೂ ಸೇರಿದಂತೆ ಆರು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇದ್ದವರಿಗೆ, ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಯೋಜನೆ ಅದು. ಮುಟ್ಟಿನ ದಿನವೂ ಸ್ಕ್ಯಾನಿಂಗೂ ಇಲ್ಲದ ಕಡೆ ಗರ್ಭಕೋಶದ ಎತ್ತರವನ್ನು ಟೇಪಿನಲ್ಲಿ ಅಳೆದು ವಾರ ಅಂದಾಜು ಮಾಡಿದರು. ಇಂಜೆಕ್ಷನ್ ಪಡೆದ ಬಹುಪಾಲು ತಾಯಂದಿರ ಮಕ್ಕಳು ಅಷ್ಟೇನೂ ಚಿಕ್ಕವರಾಗಿರಲಿಲ್ಲ. ಒಟ್ಟಾರೆ ನವಜಾತ ಶಿಶುಮರಣ ಯೋಜನೆ ಇಲ್ಲದ ಕಡೆ ಸಾವಿರಕ್ಕೆ 23.9 ಇದ್ದರೆ, ಯೋಜನೆ ಜಾರಿಯಾದ ಕಡೆ 27.4 ಆಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, ಬೆಳಗಾವಿಯೂ ಪಾಲ್ಗೊಂಡ ಇನ್ನೊಂದು ಪ್ರಯೋಗದಲ್ಲಿ ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡೇ, ಶಿಶು ಆರೈಕೆಯ ಸೌಲಭ್ಯವಿದ್ದ ಆಸ್ಪತ್ರೆಗಳಲ್ಲಿ ಅದೇ ಬಗೆಯ ಔಷಧ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಆಸ್ಪತ್ರೆಯ ಆರೈಕೆಯ ಪಾಲೂ ಇದರಲ್ಲಿದೆ, ನಿಜ. ಆದರೂ ಬಸುರಿನ ವಾರ ಗೊತ್ತಿಲ್ಲದೆ ಕೊಟ್ಟ ಔಷಧ ಯಾರಿಗೆ ಸೇರಬೇಕೋ ಅವರಿಗೆ ಸೇರುವುದಿಲ್ಲ ಎಂಬುದನ್ನು ಈ ಎರಡೂ ಪ್ರಯೋಗಗಳು ಒಟ್ಟಿಗೆ ಹೇಳುತ್ತವೆ.

ಇನ್ನೆರಡು ಆಕ್ಷೇಪಗಳಿವೆ. ಯಂತ್ರದ ಮಾತಿಗೆ ಹೆಣ್ಣುಮಗಳ ಮಾತು ಕಡೆಯಾಯಿತೇ ಎಂಬುದು ಒಂದು. ನಿಯಮ ಹಾಗಿಲ್ಲ. ಅಮೆರಿಕದ ಪ್ರಸೂತಿತಜ್ಞರ ಸಂಘ 2017ರಲ್ಲಿ ಹೇಳಿದಂತೆ, ಒಂಬತ್ತು ವಾರದೊಳಗಿನ ಸ್ಕ್ಯಾನಿಂಗ್ ಐದು ದಿನಕ್ಕಿಂತ ಹೆಚ್ಚು, ಹದಿನಾಲ್ಕು ವಾರದೊಳಗಿನದು ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಮಾತ್ರ ದಿನಾಂಕ ಬದಲಿಸಬೇಕು. ಇಲ್ಲದಿದ್ದರೆ ಅವಳು ಹೇಳಿದ ದಿನವೇ ನಿಲ್ಲುತ್ತದೆ. ಪಾಶ್ಚಾತ್ಯ ಹೆಂಗಸರ ಅಳತೆ ನಮಗೆ ಹೊಂದುತ್ತದೆಯೇ ಎಂಬುದು ಎರಡನೆಯದು. ಪ್ರಶ್ನೆ ನ್ಯಾಯವಾದದ್ದು, ವಿಶೇಷವಾಗಿ ಕೊನೆಯ ತಿಂಗಳುಗಳ ಬಗ್ಗೆ. 2024ರಲ್ಲಿ ಐಐಟಿ ಮದ್ರಾಸ್ ಮತ್ತು ಫರೀದಾಬಾದಿನ ಸಂಶೋಧನಾ ಸಂಸ್ಥೆ ಸೇರಿ, ಭಾರತದ ಬಸುರಿಯರ ಮಾಹಿತಿಯಿಂದಲೇ ಎರಡನೇ ಮತ್ತು ಮೂರನೇ ತ್ರೈಮಾಸಿಕಕ್ಕೆ ‘ಗರ್ಭಿಣಿ–ಜಿಎ2’ ಎಂಬ ಮಾದರಿ ರೂಪಿಸಿವೆ. ತಡವಾಗಿ ಆಸ್ಪತ್ರೆಗೆ ಬಂದವರಿಗೆ ಅದು ದೊಡ್ಡ ನೆರವು. ಹಾಗೆಂದು ಬೇಗ ಬರುವುದಕ್ಕೆ ಅದು ಪರ್ಯಾಯವಲ್ಲ.

ಕರ್ನಾಟಕದಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮೊದಲ ಮೂರು ತಿಂಗಳಲ್ಲಿ ತಪಾಸಣೆಗೆ ಬಂದವರು ಹತ್ತರಲ್ಲಿ ಸುಮಾರು ಏಳು ಮಂದಿ. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಯಂತ್ರ ನೋಂದಾಯಿತ ಕೇಂದ್ರದಲ್ಲೇ ಇರಬೇಕು. ಕಾಯ್ದೆ ಬೇಕಾದದ್ದೇ, ಆದರೆ ಅದರಿಂದ ಹಳ್ಳಿಯ ಬಸುರಿ ಪೇಟೆಗೆ ಹೋಗಿಬರುವುದು ತಪ್ಪುವುದಿಲ್ಲ. ಆ ಪ್ರಯಾಣ ಎಂಟನೇ ತಿಂಗಳಿನದಕ್ಕಿಂತ ಮೂರನೇ ತಿಂಗಳಿನದಾದರೆ ಲಾಭ ಹೆಚ್ಚು. ತಾಯಿ ಕಾರ್ಡಿನಲ್ಲಿ ಒಂದೇ ದಿನಾಂಕ, ಅದು ಮುಟ್ಟಿನಿಂದ ಬಂದದ್ದೋ ಮೊದಲ ಸ್ಕ್ಯಾನಿಂಗ್‌ನಿಂದ ಬಂದದ್ದೋ ಎಂಬ ಟಿಪ್ಪಣಿ, ಮತ್ತು ‘ಇದು 37ರಿಂದ 41 ವಾರದ ನಡುವಿನ ಗುರುತು’ ಎಂಬ ಒಂದು ಸಾಲು ಇದ್ದರೆ ಸಾಕು. ಮುಂದಿನ ವರದಿಗಳ ದಿನಾಂಕಗಳನ್ನು ಮನೆಯವರು ಬದಿಗಿಡಬಹುದು. ಅವುಗಳಲ್ಲಿರುವ ಮಗುವಿನ ತೂಕ, ಬೆಳವಣಿಗೆಯ ಅಂಕಿಗಳನ್ನು ಮಾತ್ರ ಡಾಕ್ಟರರ ಹತ್ತಿರ ಕೇಳಿ ತಿಳಿಯಬೇಕು.