ಲಾ ಎಂಬ ಒಂದಕ್ಷರ

ನಾಥು ಲಾ, ಜೋಜಿ ಲಾ, ಖರ್ದುಂಗ್ ಲಾ, ಸೇ ಲಾ. ಗಡಿಯ ಸುದ್ದಿ ಓದುವ ಎಲ್ಲರಿಗೂ ಈ ಹೆಸರುಗಳು ಪರಿಚಿತ. ಇವುಗಳ ಕೊನೆಯಲ್ಲಿರುವ ‘ಲಾ’ ಟಿಬೆಟನ್ ಭಾಷೆಯ ಒಂದು ಪೂರ್ಣ ಪದ. ಎರಡು ಶಿಖರಗಳ ನಡುವೆ ಬೆಟ್ಟ ತುಸು ತಗ್ಗಿ, ಆಚೆ ದಾಟಲು ದಾರಿ ಬಿಡುವ ಜಾಗಕ್ಕೆ ಆ ಹೆಸರು. ಲಡಾಖ್ ಎಂಬ ಹೆಸರಿನ ಮೊದಲಕ್ಷರವೂ ಇದೇ. ಅದು ಲಾಗಳ ನಾಡು. ಆದ್ದರಿಂದ ‘ನಾಥು ಲಾ ಪಾಸ್’ ಎಂದು ಬರೆದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ.

ಭೂಪಟದ ಮೇಲೆ ಈ ಪದದ ಜಾಡು ಹಿಡಿದು ಹೊರಟರೆ ದೇಶಗಳ ಗೆರೆ ಮರೆತುಹೋಗುತ್ತದೆ. ಕಾಶ್ಮೀರದ ಅಂಚಿನ ಜೋಜಿ ಲಾ, ನೇಪಾಳದ ಥೊರೊಂಗ್ ಲಾ, ಭೂತಾನದ ದೊಚು ಲಾ, ಅರುಣಾಚಲದ ಬುಮ್ ಲಾ. ಪದವನ್ನು ತಡೆಯುವುದು ಗಡಿಯಲ್ಲ, ಎತ್ತರ. ನೇಪಾಳದ ತಗ್ಗು ಬೆಟ್ಟಗಳಿಗೆ ಇಳಿದರೆ ಇಂಥದೇ ಜಾಗಕ್ಕೆ ‘ಭಂಜ್ಯಾಂಗ್’ ಎನ್ನುತ್ತಾರೆ, ಗಢ್ವಾಲದಲ್ಲಿ ‘ಖಾಲ್’, ಹಿಮಾಚಲದ ಚಂಬಾ ಕಡೆ ‘ಜೋತ್’.

ಪದ ಬದಲಾಗುವ ಕಡೆ ಬದುಕೂ ಬದಲಾಗುತ್ತದೆ. ಮುಂಗಾರಿನ ಮೋಡಗಳು ಹಿಮಾಲಯದ ದಕ್ಷಿಣ ಮಗ್ಗುಲಿಗೆ ಸುರಿದು ಬರಿದಾಗುತ್ತವೆ. ಅದಕ್ಕೇ ಭಂಜ್ಯಾಂಗ್ ಸೀಮೆಯಲ್ಲಿ ಭತ್ತದ ಮೆಟ್ಟಿಲುಗದ್ದೆ, ಎಮ್ಮೆ, ಇಳಿಜಾರು ಮಾಡು. ಮಳೆ ತಲುಪದ ಲಡಾಖ್, ಮುಸ್ತಾಂಗ್, ಟಿಬೆಟ್‌ಗಳಲ್ಲಿ ಬಾರ್ಲಿ, ಯಾಕ್, ಮಣ್ಣು ಮೆತ್ತಿದ ಮಟ್ಟಸ ಮಾಳಿಗೆ. ಅಲ್ಲಿಯ ಊಟ ಟ್ಸಂಪಾ, ಅಂದರೆ ಬಾರ್ಲಿಯ ಹುರಿಹಿಟ್ಟು. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನುತ್ತಾರೆ. ಘಟ್ಟದ ಮೇಲೆ ರಾಗಿಮುದ್ದೆ, ಘಟ್ಟದ ಕೆಳಗೆ ಕುಚ್ಚಲಕ್ಕಿ ಗಂಜಿ ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಬದಿಯಲ್ಲಿ ಇಲ್ಲದ್ದು ಇನ್ನೊಂದು ಬದಿಯಲ್ಲಿ ಇದ್ದುದರಿಂದಲೇ ಲಾ ಸವೆದು ದಾರಿಯಾಯಿತು. ಟಿಬೆಟ್ಟಿನ ಸರೋವರಗಳ ಉಪ್ಪು ಕೆಳಗಿಳಿಯಬೇಕು, ನೇಪಾಳದ ಧಾನ್ಯ ಮೇಲೇರಬೇಕು. ನೇಪಾಳದ ದೋಲ್ಪೋ ಸೀಮೆಯ ಜನ ಕುರಿ, ಆಡುಗಳ ಬೆನ್ನಿಗೆ ಸಣ್ಣ ಸಣ್ಣ ಚೀಲ ಬಿಗಿದು ಈ ವ್ಯಾಪಾರ ನಡೆಸಿದರು. ಶೆರ್ಪಾಗಳು 5,700 ಮೀಟರಿಗೂ ಎತ್ತರದ ನಂಗ್ಪಾ ಲಾ ದಾಟಿ ಟಿಬೆಟ್ಟಿಗೆ ಹೋಗಿಬರುತ್ತಿದ್ದರು. ಟಿಬೆಟ್ಟಿನ ಉಣ್ಣೆ ಹೊತ್ತ ಹೇಸರಗತ್ತೆಗಳು ಜೆಲೆಪ್ ಲಾ ಇಳಿದು ಕಾಲಿಂಪಾಂಗ್ ಪೇಟೆಗೆ ಬರುತ್ತಿದ್ದವು. ಸರಕಿನ ಜೊತೆ ಮಂತ್ರ, ವೈದ್ಯ, ಮದುವೆ ಸಂಬಂಧಗಳೂ ದಾಟಿದವು.

ಭೂತಾನದಲ್ಲಿ ಒಂದು ಲಾ ಇಡೀ ಮಠದ ವರ್ಷವನ್ನೇ ಎರಡು ಪಾಲು ಮಾಡಿದೆ. ಸುಮಾರು 3,100 ಮೀಟರ್ ಎತ್ತರದ ದೊಚು ಲಾದ ಒಂದು ಕಡೆ ಚಳಿಯ ಥಿಂಫು, ಇನ್ನೊಂದು ಕಡೆ ಇಳಿದರೆ ಭತ್ತ ಬೆಳೆಯುವ ಬೆಚ್ಚಗಿನ ಪುನಾಖಾ. ಪ್ರಧಾನ ಮಠಾಧಿಪತಿಯಾದ ಜೆ ಖೆಂಪೊ ಮತ್ತು ಭಿಕ್ಷು ಸಂಘ ಬೇಸಿಗೆಯನ್ನು ಥಿಂಫುವಿನಲ್ಲಿ ಕಳೆದು ಚಳಿಗಾಲಕ್ಕೆ ಪುನಾಖಾಕ್ಕೆ ಹೊರಡುತ್ತಾರೆ. ಈ ಪದ್ಧತಿ ಇಂದಿಗೂ ನಿಂತಿಲ್ಲ. ಅಲ್ಲಿಂದ ಪೂರ್ವಕ್ಕೆ ಪೆಲೆ ಲಾ ದಾಟಿದರೆ ಜೊಂಗ್‌ಖಾ ಮನೆಮಾತಾಗಿರುವ ಸೀಮೆ ಮುಗಿಯಿತು. ಥ್ರುಮ್ಶಿಂಗ್ ಲಾ ದಾಟಿದರೆ ಮತ್ತೊಂದು ಭಾಷೆ, ತ್ಸಂಗ್ಲಾ. ಅಷ್ಟು ಚಿಕ್ಕ ದೇಶದಲ್ಲಿ ಇಷ್ಟೊಂದು ನುಡಿಗಳು ಉಳಿದಿರುವುದು ಈ ಏರಿಳಿತಗಳ ದಯೆಯಿಂದ.

ಲಾ ತಲುಪಿದವರು ಸುಮ್ಮನೆ ದಾಟಿಹೋಗುವುದಿಲ್ಲ. ನೆತ್ತಿಯಲ್ಲಿ ಕಲ್ಲುಗುಪ್ಪೆ ಇರುತ್ತದೆ, ಅದಕ್ಕೆ ತಮ್ಮದೊಂದು ಕಲ್ಲು ಸೇರಿಸುತ್ತಾರೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಪತಾಕೆಗಳ ಸಾಲು ಕಟ್ಟುತ್ತಾರೆ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿಗೆ ಒಂದೊಂದು ಬಣ್ಣ. ಆಮೇಲೆ ಗಂಟಲೆತ್ತಿ ‘ಕಿ ಕಿ ಸೋ ಸೋ ಲ್ಹಾ ಗ್ಯಾಲೋ’ ಎಂದು ಕೂಗುತ್ತಾರೆ. ದೇವರಿಗೆ ಜಯವಾಗಲಿ ಎಂದರ್ಥ. ಕುದುರೆ ಸವಾರರ ಕಾಲದ ಈ ಕೂಗನ್ನು ಇಂದಿನ ಲಾರಿ ಚಾಲಕರೂ ಬಿಟ್ಟಿಲ್ಲ.

ಕಳೆದ ಶತಮಾನದಲ್ಲಿ ಈ ಪದಕ್ಕೆ ಬಂದೂಕಿನ ಸದ್ದು ಅಂಟಿಕೊಂಡಿತು. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಕೊಡಗಿನ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ಟ್ಯಾಂಕುಗಳು 3,500 ಮೀಟರಿಗೂ ಎತ್ತರದ ಜೋಜಿ ಲಾ ಏರಿ ಲೇಹ್‌ನ ದಾರಿ ತೆರೆದವು. 1962ರ ಚೀನಾ ಯುದ್ಧದಲ್ಲಿ ಮುಚ್ಚಿದ ನಾಥು ಲಾ ವ್ಯಾಪಾರಕ್ಕೆ ಮತ್ತೆ ತೆರೆದದ್ದು 2006ರ ಜುಲೈ 6ರಂದು. ನಡುವಿನ 44 ವರ್ಷಗಳಲ್ಲಿ ಆ ದಾರಿಯನ್ನೇ ನಂಬಿದ್ದ ಒಂದು ತಲೆಮಾರು ಮುಪ್ಪಾಗಿತ್ತು.

ಟಿಬೆಟನ್ ನಿರಾಶ್ರಿತರು ನೆಲೆಸಿರುವ ನಮ್ಮ ಬೈಲಕುಪ್ಪೆಯಲ್ಲೂ ಒಂದು ‘ಲಾ’ ಕಿವಿಗೆ ಬೀಳುತ್ತದೆ: ಅಮಾ-ಲಾ, ಪಾ-ಲಾ. ಅದು ಬೇರೆ ಪದ, ತಾಯಿಗೆ, ತಂದೆಗೆ ಸೇರಿಸುವ ಗೌರವದ ಪ್ರತ್ಯಯ. ನಮ್ಮ ‘ಅವರು’ ಇದ್ದಂತೆ. ಹೀಗೆ ಕರೆಸಿಕೊಳ್ಳುವ ಹಿರಿಯರಲ್ಲಿ ಅನೇಕರು ಆ ಇನ್ನೊಂದು ಲಾವನ್ನು ಹಿಮದಲ್ಲಿ ನಡೆದು ದಾಟಿ ಬಂದವರು.

ಈಗ ಸುರಂಗಗಳ ಕಾಲ. 2020ರಲ್ಲಿ ರೋಹ್ತಾಂಗಿನ ಅಡಿ, 2024ರಲ್ಲಿ ಸೇ ಲಾದ ಬಳಿ ಸುರಂಗಗಳು ತೆರೆದವು. ಚಳಿಗಾಲದಲ್ಲಿ ಆಸ್ಪತ್ರೆ ಸೇರಬೇಕಾದವರಿಗೆ ಅವು ಬೇಕೇ ಬೇಕು. ಆದರೆ ನೆತ್ತಿಯ ದಾರಿ ಬಳಕೆ ತಪ್ಪಿದರೆ ಅದರ ನೆನಪೂ ತಪ್ಪುತ್ತದೆ. ಭೂಗೋಳದ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಈ ಹೆಸರುಗಳನ್ನು ಬರಿದೇ ಬಾಯಿಪಾಠ ಮಾಡಿಸಬೇಡಿ. ಪ್ರತಿ ಲಾದ ಹೆಸರಿನ ಜೊತೆ ಅಲ್ಲಿ ಯಾರು, ಏನನ್ನು ಹೊತ್ತು ದಾಟಿದರು ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಿ.